ಬಾಸ್ ಸಿಕ್ಸ್‌ನ ದಪ್ಪ ಇ ತಂತಿ ಗೊರಗುಟ್ಟುತ್ತಿದೆಯೇ? ಹೊಸ ತಂತಿ ಕೊಳ್ಳುವ ಮುಂಚೆ ದೋಷ ಹುಡುಕುವ ಬಗೆ

ಐದು ತಂತಿ ಲಕ್ಷಣವಾಗಿ ನುಡಿಯುತ್ತವೆ. ಎಲ್ಲಕ್ಕಿಂತ ದಪ್ಪನೆಯ ಆರನೆಯದು ಮಾತ್ರ ಮೀಟಿದ ಕೂಡಲೇ ಒದ್ದೆ ಹಗ್ಗದ ಹಾಗೆ ತೊನೆದಾಡಿ, ಫ್ರೆಟ್‌ಗಳಿಗೆಲ್ಲ (ವಾದ್ಯದ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಿಗೆ) ಬಡಿದು ಗೊರಗೊರ ಅನ್ನುತ್ತದೆ. ಶ್ರುತಿ ತೋರಿಸುವ ಟ್ಯೂನರ್‌ನ ಮುಳ್ಳು ಮೊದಲು ಮೇಲಕ್ಕೆ ಹಾರಿ ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಯಾವ ಕ್ಷಣದ್ದನ್ನು ಶ್ರುತಿ ಎಂದು ಹಿಡಿಯಬೇಕೋ ತಿಳಿಯುವುದಿಲ್ಲ. 12ನೇ ಫ್ರೆಟ್ ಒತ್ತಿದರೆ ಅಪಸ್ವರ. ಫೆಂಡರ್ ಬಾಸ್ ಸಿಕ್ಸ್ ಎಂಬ ಆರು ತಂತಿಯ ಬಾಸ್ ಗಿಟಾರ್ ಇಟ್ಟುಕೊಂಡವರ ಬಹಳ ಹಳೆಯ ದೂರು ಇದು.

ಆರ್ಕೆಸ್ಟ್ರಾದಲ್ಲಿ ಬಾಸ್ ನುಡಿಸುವ ಹುಡುಗನೊಬ್ಬ ರಾಜ್ಯೋತ್ಸವದ ಕಾರ್ಯಕ್ರಮಗಳು ಮುಗಿದ ಮೇಲೆ ಇಂಥದೇ ಒಂದನ್ನು ನನ್ನ ಹತ್ತಿರ ತಂದ. 1964ರ ವಾದ್ಯ. ಅವನ ದೊಡ್ಡಪ್ಪ ಅಮೆರಿಕದಲ್ಲಿದ್ದಾಗ ಕೊಂಡು, ವಾಪಸ್ ಬರುವಾಗ ಜತೆಗೇ ತಂದದ್ದು. "ಅಣ್ಣಾ, ಪಿಕಪ್ ಹೋಗಿದೆ ಅಂದ್ರು. ನೆಕ್ಕೂ ಬಾಗಿದೆಯಂತೆ. ಹೊಸ ಪಿಕಪ್ ಹಾಕ್ಸಿಬಿಡಿ ಅಂತಿದಾರೆ," ಅಂದ. ಅರವತ್ತು ವರ್ಷದ ವಾದ್ಯದ ಮೂಲ ಪಿಕಪ್ (ತಂತಿಯ ಅದುರನ್ನು ಹಿಡಿಯುವ ಅಯಸ್ಕಾಂತ-ಸುರುಳಿಯ ಭಾಗ) ಕಿತ್ತು ಬಿಸಾಡುವ ಮಾತು ಕೇಳಿ ನನಗೆ ಹೊಟ್ಟೆ ಉರಿಯಿತು. ಸ್ಕ್ರೂಡ್ರೈವರ್ ತೆಗೆಯಲಿಲ್ಲ. ವರ್ನಿಯರ್ ಕ್ಯಾಲಿಪರ್ ತೆಗೆದು ದಪ್ಪ ತಂತಿಗೆ ಹಿಡಿದೆ. 1.73 ಮಿ.ಮೀ. ಬಂತು, ಅಂದರೆ 0.068 ಇಂಚು. ಆ ವಾದ್ಯದ ದಪ್ಪ ಇ ತಂತಿ ಇರಬೇಕಾದದ್ದು ಕಡಿಮೆಯೆಂದರೂ 0.084 ಇಂಚು.

ಆದದ್ದು ಇಷ್ಟೇ. ಮೂಲ ತಂತಿ ತುಂಡಾಗಿತ್ತು. ಬಾಸ್ ಸಿಕ್ಸ್ ಸೆಟ್ ಸಿಕ್ಕದೆ ಯಾರೋ ಬ್ಯಾರಿಟೋನ್ ಗಿಟಾರ್ (ಸಾಮಾನ್ಯ ಗಿಟಾರ್‌ಗಿಂತ ಕೆಳಶ್ರುತಿಯದು) ಸೆಟ್‌ನ ದಪ್ಪ ತಂತಿಯನ್ನು ಹಾಕಿಕೊಟ್ಟಿದ್ದರು. ಆ ತಂತಿ ಮಾಡಿರುವುದು ಕೆಳಗಿನ ಬಿ ಸ್ವರಕ್ಕೆ; ಅದನ್ನು ಇನ್ನೂ ಏಳು ಅರ್ಧಸ್ವರ ಕೆಳಗಿಳಿಸಿದರೆ ಅದು ಹಗ್ಗವಾಗದೆ ಇನ್ನೇನಾದೀತು? ಈ ವಾದ್ಯದಲ್ಲಿ ದೋಷ ಕಂಡಾಗ ಮೊದಲು ತಂತಿಯ ಮೇಲೆ ಅನುಮಾನ ಪಡಬೇಕು ಎಂದು ನಾನು ಪದೇಪದೇ ಹೇಳುವುದು ಇದಕ್ಕೇ. ತಂತಿ ತಪ್ಪಿದ್ದರೆ ನೆಕ್ (ವಾದ್ಯದ ಕತ್ತು), ನಟ್ (ಬಿರಡೆಗಳ ಕಡೆ ತಂತಿ ಕೂರುವ ಪಟ್ಟಿ), ಬ್ರಿಡ್ಜ್ (ಇನ್ನೊಂದು ಕಡೆಯ ಕುದುರೆ), ಪಿಕಪ್ ನಾಲ್ಕೂ ಕೆಟ್ಟಂತೆಯೇ ಕಾಣುತ್ತವೆ.

ಈ ವಾದ್ಯಕ್ಕೆ ಮಾತ್ರ ಈ ಪಾಡು ಯಾಕೆ

ಫೆಂಡರ್ ಕಂಪನಿ ಬಾಸ್ ಸಿಕ್ಸ್ ಹೊರತಂದದ್ದು 1961ರಲ್ಲಿ. ಅದಕ್ಕೂ ಮೊದಲು, 1956ರಲ್ಲೇ, ಡ್ಯಾನೆಲೆಕ್ಟ್ರೋ ಆರು ತಂತಿಯ ಬಾಸ್ ಮಾಡಿತ್ತು. ಫೆಂಡರ್‌ನದು ಆರು ತಂತಿ, 30 ಇಂಚಿನ ಸ್ಕೇಲ್ (ನಟ್‌ನಿಂದ ಬ್ರಿಡ್ಜ್‌ವರೆಗಿನ ಉದ್ದ), ಮೂರು ಪಿಕಪ್, ತೇಲುವ ಟ್ರೆಮೊಲೊ (ಹಿಡಿ ಅಲುಗಿಸಿ ಸ್ವರ ಏರಿಳಿಸುವ ಸ್ಪ್ರಿಂಗ್ ಜೋಡಣೆ). ಶ್ರುತಿ ಗಿಟಾರ್‌ನದೇ, ಇ-ಎ-ಡಿ-ಜಿ-ಬಿ-ಇ, ಆದರೆ ಪೂರ್ತಿ ಒಂದು ಸ್ಥಾಯಿ ಕೆಳಗೆ. ದಪ್ಪ ಇ 41.2 ಹರ್ಟ್ಸ್, ಸಣ್ಣ ಇ 164.8 ಹರ್ಟ್ಸ್. ಕೆಳಗಿನ ನಾಲ್ಕು ತಂತಿ ನಾಲ್ಕು ತಂತಿಯ ಬಾಸ್‌ನವೇ ಸ್ವರಗಳು, ಆದರೆ ತಂತಿಗಳ ನಡುವಿನ ಅಂತರ ಗಿಟಾರ್‌ನಂತೆ ಇಕ್ಕಟ್ಟು. ಕ್ರೀಮ್ ಎಂಬ ರಾಕ್ ತಂಡದ ಮೊದಲ ದಿನಗಳಲ್ಲಿ ಜಾಕ್ ಬ್ರೂಸ್ ನುಡಿಸಿದ್ದು ಇದನ್ನು. 1968ರ ಹೊತ್ತಿಗೆ ಬೀಟಲ್ಸ್ ರೆಕಾರ್ಡಿಂಗ್‌ಗಳಲ್ಲಿ ಲೆನನ್, ಹ್ಯಾರಿಸನ್ ಕೈಯಲ್ಲಿ ಕಾಣುವುದೂ ಇದೇ. 1975ರ ಹೊತ್ತಿಗೆ ತಯಾರಿಕೆ ನಿಂತಿತು. ಸ್ಕ್ವೈರ್ ಹೆಸರಿನಲ್ಲಿ ಅಗ್ಗದ ಮರುಆವೃತ್ತಿ ಬಂದದ್ದು 2013ರಲ್ಲಿ.

ತಂತಿಯ ಬಿಗಿತ ಮೂರನ್ನು ಹಿಡಿದು ನಿಲ್ಲುತ್ತದೆ: ತಂತಿಯ ತೂಕ, ಅದರ ಉದ್ದ, ಸ್ವರದ ಎತ್ತರ. ಉದ್ದವೂ ಸ್ವರವೂ ವರ್ಗವಾಗಿ ಕೆಲಸ ಮಾಡುತ್ತವೆ, ಅಂದರೆ ಎರಡರಷ್ಟಾದರೆ ಬಿಗಿತ ನಾಲ್ಕರಷ್ಟಾಗುತ್ತದೆ. ಸಾಮಾನ್ಯ ಬಾಸ್‌ನ ಸ್ಕೇಲ್ 34 ಇಂಚು. ಅದೇ ತಂತಿಯನ್ನು ಅದೇ ಸ್ವರಕ್ಕೆ 30 ಇಂಚಿನ ಮೇಲೆ ಕಟ್ಟಿದರೆ ಬಿಗಿತ ಶೇ. 22ರಷ್ಟು ಇಳಿಯುತ್ತದೆ. ಅದರ ಮೇಲೆ ಇಲ್ಲಿ ತಂತಿಯೂ ಸಣ್ಣದು. ಸಾಮಾನ್ಯ ಬಾಸ್‌ನ 0.105 ಇಂಚಿನ ಇ ತಂತಿ ಸುಮಾರು 17 ಕಿಲೋ ಬಲದಿಂದ ಎಳೆಯುತ್ತದೆ. ಬಾಸ್ ಸಿಕ್ಸ್‌ನಲ್ಲಿ 0.084ರ ತಂತಿ ಎಳೆಯುವುದು ಹೆಚ್ಚುಕಡಿಮೆ 9 ಕಿಲೋ. ಅದೇ ಸೆಟ್‌ನ ಮಿಕ್ಕ ಐದು ತಂತಿ ಒಂದೊಂದೂ 11ರಿಂದ 13 ಕಿಲೋ ಆಸುಪಾಸಿನಲ್ಲಿ ಎಳೆಯುತ್ತವೆ. ಅಂದರೆ ಸೆಟ್‌ನಲ್ಲೇ ದಪ್ಪ ಇ ಎಲ್ಲಕ್ಕಿಂತ ಸಡಿಲ. ಆ ಹುಡುಗನ ವಾದ್ಯದಲ್ಲಿದ್ದ 0.068ರ ತಂತಿ 6 ಕಿಲೋ ಕೂಡ ಎಳೆಯುತ್ತಿರಲಿಲ್ಲ.

ಟ್ಯೂನರ್ ಮುಳ್ಳು ಮೇಲೆ ಹಾರಿ ಇಳಿಯುವುದಕ್ಕೂ ಕಾರಣ ಇಲ್ಲೇ ಇದೆ. ಸಡಿಲ ತಂತಿ ಮೀಟಿದಾಗ ಅಗಲವಾಗಿ ತೂಗುತ್ತದೆ, ತೂಗುವಾಗ ಹಿಗ್ಗುತ್ತದೆ, ಹಿಗ್ಗಿದಷ್ಟೂ ಬಿಗಿ ಏರುತ್ತದೆ. ತೂಗಾಟ ಇಳಿದಂತೆ ಸ್ವರವೂ ಇಳಿದು ತನ್ನ ಜಾಗಕ್ಕೆ ಬರುತ್ತದೆ. ಬಿರಡೆ ಜಾರುತ್ತಿದೆ ಎಂದು ಬಿರಡೆ ಬದಲಾಯಿಸಿದವರನ್ನು ಕಂಡಿದ್ದೇನೆ. ಜಾರುವ ಬಿರಡೆಯಾದರೆ ಸ್ವರ ಇಳಿದ ಮೇಲೆ ಮತ್ತೆ ಮೀಟಿದಾಗ ಇನ್ನೂ ಕೆಳಗಿರುತ್ತದೆ. ಸಡಿಲ ತಂತಿಯಾದರೆ ಪ್ರತಿ ಸಲ ಮೇಲಿಂದಲೇ ಶುರುವಾಗಿ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆ. ಎರಡು ನಿಮಿಷ ಟ್ಯೂನರ್ ನೋಡುತ್ತ ಕೂತರೆ ಸಾಕು, ಇದು ಅದೋ ಇದೋ ತಿಳಿದುಹೋಗುತ್ತದೆ.

ಖರ್ಚಿಲ್ಲದ ಪರೀಕ್ಷೆಗಳು ಮೊದಲು

ದಪ್ಪ ತಂತಿಯ ಸದ್ದು ತೆಳ್ಳಗೆ, ಟಿಣಿಟಿಣಿ ಅನ್ನುವಂತಿದ್ದರೆ ಸ್ವಿಚ್‌ಗಳನ್ನು ನೋಡಿ. 1963ರ ನಂತರದ ವಾದ್ಯಗಳಲ್ಲಿ ಮೂರು ಪಿಕಪ್‌ನ ಮೂರು ಸ್ವಿಚ್ ಜತೆಗೆ ನಾಲ್ಕನೆಯದೊಂದಿದೆ. ಅದು ಕೆಳಸ್ವರಗಳನ್ನು ಕತ್ತರಿಸುತ್ತದೆ. ಅಮೆರಿಕದವರು ಅದನ್ನು 'ಸ್ಟ್ರ್ಯಾಂಗಲ್' ಸ್ವಿಚ್ ಎನ್ನುತ್ತಾರೆ, ಕತ್ತು ಹಿಸುಕುವ ಸ್ವಿಚ್. ಕೆಲಸಕ್ಕೆ ತಕ್ಕ ಹೆಸರು. ಅದು ಆನ್ ಆಗಿದ್ದರೆ ಯಾವ ತಂತಿ ಹಾಕಿದರೂ ಬಾಸ್ ಬರುವುದಿಲ್ಲ.

ಆರೂ ತಂತಿ ಮೀಟಿದ ತಕ್ಷಣ 'ಟಪ್' ಎಂದು ಸತ್ತುಹೋಗುತ್ತಿದ್ದರೆ ಬ್ರಿಡ್ಜ್ ಹತ್ತಿರ ಬಗ್ಗಿ ನೋಡಿ. ಅದೇ ಕಾಲದ ವಾದ್ಯಗಳಲ್ಲಿ ಸ್ಪಂಜಿನ ಮ್ಯೂಟ್ ಇದೆ. ಅದು ಏಳಿಸಿದ ಸ್ಥಿತಿಯಲ್ಲಿದ್ದರೆ, ಅಥವಾ ಹಳೆಯ ಸ್ಪಂಜು ಗಟ್ಟಿಕಟ್ಟಿ ತಂತಿಗೆ ಅಂಟಿಕೊಂಡಿದ್ದರೆ, ಹೊಸ ತಂತಿಯೂ ಹಳಸಿದ ತಂತಿಯ ಹಾಗೇ ಕೇಳಿಸುತ್ತದೆ.

ಪಿಕಪ್ ಮೇಲಿನ ಅನುಮಾನ ತೀರಿಸಲು ಮೀಟರ್ ಬೇಕಿಲ್ಲ. ಈ ಪಿಕಪ್‌ಗಳಲ್ಲಿ ಆರು ಅಯಸ್ಕಾಂತಗಳನ್ನೂ ಸುತ್ತಿಕೊಂಡಿರುವ ಸುರುಳಿ ಒಂದೇ. ಸುರುಳಿ ಕಡಿದಿದ್ದರೆ ಆರೂ ತಂತಿಯ ಸದ್ದು ಒಟ್ಟಿಗೆ ಹೋಗಬೇಕು. ಐದು ತಂತಿ ಗಟ್ಟಿಯಾಗಿ ನುಡಿದು ಒಂದು ಮಾತ್ರ ಮಂಕಾಗಿದ್ದರೆ ಸುರುಳಿಯದು ತಪ್ಪಲ್ಲ. ಮೂರು ಪಿಕಪ್‌ನಲ್ಲೂ ಅದೇ ತಂತಿ ಮಂಕಾಗಿದ್ದರಂತೂ ಮಾತೇ ಇಲ್ಲ, ಮೂರೂ ಒಟ್ಟಿಗೆ ಒಂದೇ ತಂತಿಯ ಕೆಳಗೆ ಕೆಡಲಾರವು. ಇಷ್ಟು ಯೋಚಿಸಿದ್ದರೆ ಆ ಹುಡುಗನಿಗೆ ಹೊಸ ಪಿಕಪ್‌ನ ಮಾತೇ ಬರುತ್ತಿರಲಿಲ್ಲ.

ನೆಕ್ ನೋಡುವುದೂ ಸುಲಭ. ಮೊದಲ ಫ್ರೆಟ್‌ಗೆ ಕ್ಯಾಪೊ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ, ಕೊನೆಯ ಫ್ರೆಟ್‌ನಲ್ಲಿ ದಪ್ಪ ತಂತಿಯನ್ನು ಒತ್ತಿ ಹಿಡಿದು, ನಡುವೆ 7-8ನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಇರುವ ಸಂದು ನೋಡಿ. ವಿಸಿಟಿಂಗ್ ಕಾರ್ಡ್ ತೂರುವಷ್ಟು, ಸುಮಾರು 0.3 ಮಿ.ಮೀ. ಇದ್ದರೆ ನೆಕ್ ಚೆನ್ನಾಗಿದೆ. ಸಂದೇ ಇಲ್ಲದಿದ್ದರೆ ನೆಕ್ ಹಿಂದಕ್ಕೆ ಬಾಗಿದೆ. ಸಣ್ಣ ತಂತಿ ಹಾಕಿ ವರ್ಷಗಟ್ಟಲೆ ಇಟ್ಟರೆ ಹೀಗಾಗುವುದುಂಟು. ಸರಿಯಾದ ಬಿಗಿಯ ತಂತಿ ಕಟ್ಟಿ ಒಂದೆರಡು ದಿನ ಬಿಟ್ಟು ನೋಡದೆ ಟ್ರಸ್ ರಾಡ್ (ನೆಕ್ಕಿನ ಬಾಗು ತಿದ್ದುವ ಒಳಗಿನ ಲೋಹದ ಸರಳು) ಮುಟ್ಟಬೇಡಿ. ಅರವತ್ತರ ದಶಕದ ಈ ವಾದ್ಯಗಳಲ್ಲಿ ಅದರ ತಿರುಪು ನೆಕ್‌ನ ಬುಡದಲ್ಲಿದೆ. ಅದನ್ನು ತಲುಪಲು ನೆಕ್ಕನ್ನೇ ಸಡಿಲಿಸಬೇಕು. ಆತುರದಿಂದ ಮಾಡುವ ಕೆಲಸವಲ್ಲ ಅದು.

12ನೇ ಫ್ರೆಟ್‌ನಲ್ಲಿ ಶ್ರುತಿ ಕೂಡದಿದ್ದರೆ

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಒಂದೇ ಲಕ್ಷಣಕ್ಕೆ ಎರಡು ವಿರುದ್ಧ ಕಾರಣಗಳಿವೆ. ತಪ್ಪಾಗಿ ಹಿಡಿದರೆ ಹಾಕಿದ ಔಷಧಿಯೇ ರೋಗ ಹೆಚ್ಚಿಸುತ್ತದೆ.

12ನೇ ಫ್ರೆಟ್ ಮೇಲೆ ತಂತಿಯನ್ನು ಬರಿದೆ ಮುಟ್ಟಿ ಹಾರ್ಮೋನಿಕ್ ನುಡಿಸಿ, ಆಮೇಲೆ ಅಲ್ಲೇ ಒತ್ತಿ ನುಡಿಸಿ. ಒತ್ತಿದ ಸ್ವರ ಮೇಲಿದೆ ಎಂದುಕೊಳ್ಳಿ. ಈಗ ಅದೇ ಫ್ರೆಟ್‌ನಲ್ಲಿ ಬೆರಳನ್ನು ಮೊದಲು ಹಗುರವಾಗಿ, ಆಮೇಲೆ ಬಲವಾಗಿ ಒತ್ತಿ ಟ್ಯೂನರ್ ನೋಡಿ. ಒತ್ತಡ ಬದಲಾದ ಹಾಗೆಲ್ಲ ಮುಳ್ಳು ಕುಣಿಯುತ್ತಿದ್ದರೆ ತಂತಿ ಸಡಿಲ: ಒತ್ತಿದಾಗ ಆಗುವ ಒಂದಿಷ್ಟು ಹಿಗ್ಗೇ ಅದರ ಸ್ವರವನ್ನು ಏರಿಸುತ್ತಿದೆ. ಇದಕ್ಕೆ ಮದ್ದು ಇನ್ನೂ ದಪ್ಪನೆಯ ತಂತಿ. ಒತ್ತಡ ಎಷ್ಟೇ ಬದಲಿಸಿದರೂ ಮುಳ್ಳು ಮೇಲೆಯೇ ಸ್ಥಿರವಾಗಿ ನಿಂತಿದ್ದರೆ ತಂತಿ ಗಡಸು: ಅದರ ಒಳಗಿನ ಉಕ್ಕಿನ ಎಳೆ ಬಾಗಲು ಒಪ್ಪದೆ, ನುಡಿಯುವ ಉದ್ದ ನಿಜವಾದ ಉದ್ದಕ್ಕಿಂತ ಕಡಿಮೆಯಾಗಿದೆ. ಇದಕ್ಕೆ ಸ್ಯಾಡಲ್‌ ಅನ್ನು (ಬ್ರಿಡ್ಜ್ ಮೇಲೆ ಆ ತಂತಿ ಕೂರುವ ತುಂಡನ್ನು) ಹಿಂದಕ್ಕೆ, ತಂತಿಯ ಬುಡ ಸಿಕ್ಕಿಸುವ ಟೇಲ್‌ಪೀಸ್ ಕಡೆಗೆ, ಸರಿಸಬೇಕು. ಇಂಥ ಕಡೆ ಇನ್ನಷ್ಟು ದಪ್ಪ ತಂತಿ ಹಾಕಿದರೆ ಗತಿ ಮುಗಿಯಿತು.

ದಪ್ಪ ತಂತಿ ಹಾಕಿದವರಿಗೆ ಸ್ಯಾಡಲ್ ಹಿಂದೆ ಸರಿದು ಸರಿದು ಬ್ರಿಡ್ಜ್‌ನ ಹಿಂಬದಿಗೆ ತಗಲಿಕೊಂಡು, ಮುಂದೆ ಜಾಗವೇ ಇಲ್ಲದಂತಾಗುವುದು ಸಾಮಾನ್ಯ. ಸ್ಯಾಡಲ್ ಸ್ಕ್ರೂ ಮೇಲಿನ ಸಣ್ಣ ಸ್ಪ್ರಿಂಗ್ ಒತ್ತಿಕೊಂಡು ಜಾಗ ತಿನ್ನುತ್ತಿರುತ್ತದೆ. ಅದಕ್ಕಿಂತ ಗಿಡ್ಡನೆಯ ಸ್ಪ್ರಿಂಗ್ ಹಾಕಿದರೆ ಒಂದೆರಡು ಮಿಲಿಮೀಟರ್ ಸಿಗುತ್ತದೆ, ಎಷ್ಟೋ ಸಲ ಅಷ್ಟೇ ಸಾಕು. ಮೂಲ ಸ್ಪ್ರಿಂಗ್ ಕತ್ತರಿಸಬೇಡಿ, ತೆಗೆದಿಡಿ.

ಇನ್ನೊಂದು ಅಪಸ್ವರವಿದೆ. ಸ್ಯಾಡಲ್ ಎಲ್ಲಿಟ್ಟರೂ, ಒಂದು ಸಲ ಮೇಲೆ ಒಂದು ಸಲ ಕೆಳಗೆ ತೋರಿಸುವುದು, ಒಂದು ಸ್ವರ ನುಡಿಸಿದರೆ ಒಳಗೆ ಎರಡು ಸ್ವರ 'ವ್ವವ್ವ' ಎಂದು ಅಲೆಯುವುದು. ಪಿಕಪ್ ತಂತಿಗೆ ತೀರ ಹತ್ತಿರ ಬಂದು ಅಯಸ್ಕಾಂತ ತಂತಿಯನ್ನು ಎಳೆಯುತ್ತಿದ್ದರೆ ಹೀಗಾಗುತ್ತದೆ. ಮೇಲಿನ ಫ್ರೆಟ್‌ಗಳಲ್ಲಿ, ತಂತಿ ಪಿಕಪ್‌ಗೆ ಸಮೀಪ ಬಂದಾಗ, ಅಲೆ ಜೋರಾಗುತ್ತದೆ. ದಪ್ಪ ತಂತಿಯ ಕಡೆಯ ಸ್ಕ್ರೂವನ್ನು ಕಾಲು ಸುತ್ತು, ಕಾಲು ಸುತ್ತು ಇಳಿಸುತ್ತ ಕೇಳಿ. ಅಲೆ ಇಳಿದರೆ ಕಾರಣ ಅಯಸ್ಕಾಂತ. ಇಳಿಯದಿದ್ದರೆ ತಂತಿಯೇ ತಿರುಚಿಕೊಂಡಿದೆ, ಅಥವಾ ಸುತ್ತು ಸಡಿಲಾಗಿದೆ. ತಂತಿ ಹಾಕುವಾಗ ಬಾಲ್ (ತಂತಿಯ ಬುಡದ ಲೋಹದ ಗುಂಡು) ಕಡೆ ಕೂತ ಮೇಲೆ ತುದಿಯನ್ನು ತಿರುಚಿದಂತೆಯೇ ಬಿರಡೆಗೆ ಸಿಕ್ಕಿಸಿದ್ದರೆ ಆ ತಿರುಚು ಒಳಗೇ ಉಳಿದು ಸ್ವರ ಕೆಡಿಸುತ್ತದೆ. ಬಿಚ್ಚಿ, ತಂತಿಯನ್ನು ಅದರ ಪಾಡಿಗೆ ತಿರುಗಲು ಬಿಟ್ಟು, ಮತ್ತೆ ಕಟ್ಟಿ ನೋಡಿ.

ನಟ್, ಬ್ರಿಡ್ಜ್ ಮತ್ತು ಹಾರುವ ತಂತಿ

0.084 ಇಂಚು ಅಂದರೆ 2.13 ಮಿ.ಮೀ., 0.095 ಅಂದರೆ 2.41, 0.100 ಅಂದರೆ 2.54. ಕಾಗದದ ಮೇಲೆ ಕೂದಲೆಳೆಯ ವ್ಯತ್ಯಾಸ, ನಟ್‌ನ ಗಾಡಿಯಲ್ಲಿ (ತಂತಿ ಕೂರಲು ಕೊರೆದ ಸೀಳಿನಲ್ಲಿ) ಅದೇ ದೊಡ್ಡದು. ಸಣ್ಣ ತಂತಿಗೆ ಕೊರೆದ ಗಾಡಿಗೆ ದಪ್ಪ ತಂತಿ ಇಳಿಯದೆ ಮೇಲೇ ಕೂರುತ್ತದೆ. ಆಗ ಮೊದಲ ಎರಡು ಮೂರು ಫ್ರೆಟ್‌ನ ಸ್ವರಗಳು ಏರುತ್ತವೆ, ಬಿರಡೆ ತಿರುಗಿಸುವಾಗ 'ಟಿಕ್' ಎಂಬ ಸದ್ದು ಬಂದು ಸ್ವರ ಜಿಗಿಯುತ್ತದೆ. ಪರೀಕ್ಷೆ: ಮೂರನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಮೊದಲ ಫ್ರೆಟ್ ಮೇಲಿನ ಸಂದು ನೋಡಿ. ಬೆಳಕು ಇಣುಕುವಷ್ಟಿರಬೇಕು. ಬೆರಳಿಂದ ತಟ್ಟಿದಾಗ ತಂತಿ ಕಣ್ಣಿಗೆ ಕಾಣುವಂತೆ ಕೆಳಗೆ ಹೋಗುತ್ತಿದ್ದರೆ ಗಾಡಿ ಎತ್ತರ.

ಇಲ್ಲೊಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಹಳೆಯ ವಾದ್ಯದ ಮೂಲ ನಟ್‌ಗೆ ಅರ ಹಾಕಬೇಡಿ. ಅದನ್ನು ಮೆಲ್ಲಗೆ ಬಿಡಿಸಿ, ಪೊಟ್ಟಣದಲ್ಲಿ ಕಟ್ಟಿ ಕೇಸಿನೊಳಗಿಡಿ. ಹೊಸದೊಂದನ್ನು ಮೂಳೆಯಲ್ಲಿ ಮಾಡಿಸಿ ದಪ್ಪ ತಂತಿಗೆ ಬೇಕಾದಂತೆ ಕೊರೆಸಿ. ಮರಳಿ ಸಣ್ಣ ತಂತಿಗೆ ಹೋಗಬೇಕೆನಿಸಿದರೆ, ಮುಂದೆ ಯಾರಾದರೂ ಕೊಳ್ಳುವವರು ಕೇಳಿದರೆ, ಮೂಲದ್ದು ಹಾಗೇ ಇರುತ್ತದೆ.

ಬಲವಾಗಿ ಮೀಟಿದಾಗ ದಪ್ಪ ತಂತಿ ಸ್ಯಾಡಲ್ ಮೇಲಿಂದ ಪಕ್ಕಕ್ಕೆ ಜಿಗಿಯುವುದು, ಬ್ರಿಡ್ಜ್ ಕಡೆಯಿಂದ ಜರ್ರ್ ಎಂಬ ಸದ್ದು ಬರುವುದು ಇನ್ನೊಂದು ದೂರು. ತಂಬೂರಿಯ ಕುದುರೆಯ ಮೇಲೆ ಜೀವಾಳಿ ದಾರ ಇಟ್ಟು ನಾವೇ ಬೇಕೆಂದು ಆ ಝೇಂಕಾರ ಹುಟ್ಟಿಸುತ್ತೇವೆ. ಇಲ್ಲಿ ಅದು ಬೇಡದ ನೆಂಟ. ತಂತಿ ಬ್ರಿಡ್ಜ್ ದಾಟಿ ಟೇಲ್‌ಪೀಸ್ ಕಡೆ ಇಳಿಯುವ ಕೋನ ಈ ವಾದ್ಯದಲ್ಲಿ ತೀರ ಕಡಿಮೆ, ಹಾಗಾಗಿ ತಂತಿ ಸ್ಯಾಡಲ್ ಮೇಲೆ ಒತ್ತಿ ಕೂರುವುದಿಲ್ಲ. ಸಡಿಲ ತಂತಿಯಾದರೆ ಇನ್ನೂ ಕಡಿಮೆ. ದಪ್ಪ ತಂತಿ ಹಾಕಿದ ಮೇಲೂ ಇದು ನಿಲ್ಲದಿದ್ದರೆ ನೆಕ್ ಕೂರುವ ಗುಳಿಯಲ್ಲಿ ತೆಳ್ಳನೆಯ ಮರದ ಚಕ್ಕೆ ಕೊಟ್ಟು ನೆಕ್ಕನ್ನು ಒಂದಿಷ್ಟು ಹಿಂದಕ್ಕೆ ವಾಲಿಸಿ, ಬ್ರಿಡ್ಜ್ ಎತ್ತಬೇಕು. ಆಗ ಕೋನ ಹೆಚ್ಚುತ್ತದೆ. ಬ್ರಿಡ್ಜ್ ಅಲುಗಾಡುವುದನ್ನು ಕಂಡು ಗಾಬರಿಯಾಗಬೇಡಿ. ಟ್ರೆಮೊಲೊ ಜತೆ ಹಿಂದೆ ಮುಂದೆ ತೂಗಲೆಂದೇ ಅದನ್ನು ಹಾಗೆ ಮಾಡಿದ್ದಾರೆ.

ಯಾವ ತಂತಿ ಕೊಳ್ಳಬೇಕು

ದರ್ಜಿಯ ಟೇಪ್ ತನ್ನಿ. ಟೇಲ್‌ಪೀಸ್‌ನಲ್ಲಿ ಬಾಲ್ ಕೂರುವ ಜಾಗದಿಂದ ನಟ್‌ವರೆಗೆ ಅಳೆಯಿರಿ. 30 ಇಂಚಿನ ವಾದ್ಯ ಎಂದುಕೊಂಡು 'ಶಾರ್ಟ್ ಸ್ಕೇಲ್' ಎಂಬ ಚೀಟಿ ನೋಡಿ ಕೊಂಡರೆ ಮೋಸ ಹೋಗುವುದು ಇಲ್ಲೇ. ಸ್ಕೇಲ್ ಅಂದರೆ ನಟ್‌ನಿಂದ ಬ್ರಿಡ್ಜ್‌ವರೆಗೆ. ಈ ವಾದ್ಯದಲ್ಲಿ ಬ್ರಿಡ್ಜ್ ದಾಟಿ ಟ್ರೆಮೊಲೊವರೆಗೆ ತಂತಿ ಇನ್ನೂ ಹಲವು ಇಂಚು ಹೋಗಬೇಕು. ಡಿ'ಅಡಾರಿಯೊ ಕಂಪನಿಯ ಲೆಕ್ಕದಲ್ಲಿ ಬಾಲ್‌ನಿಂದ ನಟ್‌ವರೆಗೆ 32 ಇಂಚಿನ ತನಕ ಶಾರ್ಟ್, 34ರ ತನಕ ಮೀಡಿಯಂ, 36ರ ತನಕ ಲಾಂಗ್, 38ರ ತನಕ ಸೂಪರ್ ಲಾಂಗ್. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ, ಆದ್ದರಿಂದ ಚೀಟಿಯ ಹೆಸರಿಗಿಂತ ದಪ್ಪ ಸುತ್ತಿನ ಉದ್ದ ಎಷ್ಟು ಎಂದು ಕೇಳಿ. ದಪ್ಪ ಸುತ್ತು ನಟ್ ದಾಟಿ ಒಂದೆರಡು ಇಂಚು ಮುಂದೆ ಹೋಗಿ ಆಮೇಲೆ ತೆಳ್ಳಗಾಗಬೇಕು. ನಟ್‌ನ ಈಚೆಗೇ ತೆಳ್ಳಗಾದರೆ ಆ ತಂತಿ ಯಾವತ್ತೂ ಶ್ರುತಿ ಹಿಡಿಯದು.

ಬಾಸ್ ಸಿಕ್ಸ್‌ಗೆಂದೇ ಮಾಡಿದ ಸೆಟ್‌ಗಳಲ್ಲಿ ಎರಡು ಬಗೆ ನಾನು ಬಳಸಿರುವುದು. ಡಿ'ಅಡಾರಿಯೊದ ಇಎಕ್ಸ್‌ಎಲ್ 156 ನಿಕಲ್ ರೌಂಡ್‌ವೌಂಡ್ (ದುಂಡು ತಂತಿಯ ಹೊರಸುತ್ತು), 0.024ರಿಂದ 0.084ವರೆಗೆ. ಲಾ ಬೆಲ್ಲಾದ 767-6ಎಫ್ ಸ್ಟೇನ್‌ಲೆಸ್ ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿಯ ನುಣುಪು ಹೊರಸುತ್ತು), 0.026ರಿಂದ 0.095ವರೆಗೆ. 84ರಿಂದ 95ಕ್ಕೆ ಹೋದರೆ ಅದೇ ಬಗೆಯ ತಂತಿಯಲ್ಲಿ ಬಿಗಿತ ಕಾಲು ಭಾಗಕ್ಕೂ ಹೆಚ್ಚು ಏರುತ್ತದೆ, 9 ಕಿಲೋ ಇದ್ದದ್ದು ಹನ್ನೊಂದೂವರೆಗೆ ಬರುತ್ತದೆ. ಮಿಕ್ಕ ತಂತಿಗಳ ಸಾಲಿಗೆ ದಪ್ಪ ಇ ಬಂದು ನಿಲ್ಲುವುದು ಆಗಲೇ.

ನುಡಿಸುವ ರೀತಿ ನೋಡಿ ಆರಿಸಿ. ನ್ಯಾಶ್ವಿಲ್‌ನ ರೆಕಾರ್ಡಿಂಗ್‌ಗಳಲ್ಲಿ ಆರು ತಂತಿಯ ಬಾಸನ್ನು ದೊಡ್ಡ ಮರದ ಬಾಸ್ ಜತೆ ಜೋಡಿಯಾಗಿ, ಅಂಗೈಯಿಂದ ತಂತಿ ಅದುಮಿ ಪ್ಲೆಕ್ಟ್ರಮ್‌ನಿಂದ ನುಡಿಸುತ್ತಿದ್ದರು. 'ಟಿಕ್-ಟ್ಯಾಕ್' ಅನ್ನುತ್ತಿದ್ದರು ಅದಕ್ಕೆ. ಅಂಥ ಕೆಲಸಕ್ಕೆ, ಅಥವಾ ಮೇಲಿನ ನಾಲ್ಕು ತಂತಿಯಲ್ಲೇ ರಾಗ ನುಡಿಸುವವರಿಗೆ, 84 ಸಾಕು, ಕೈಗೂ ಹಗುರ. ತಂಡದಲ್ಲಿ ಬಾಸ್ ಎಂದರೆ ಇದೊಂದೇ, ಡ್ರಮ್ ಜತೆ ಇದೇ ನಿಲ್ಲಬೇಕು ಎಂದರೆ 95ಕ್ಕಿಂತ ಕಡಿಮೆ ಹಾಕಬೇಡಿ. 100 ಹಾಕುವವರೂ ಇದ್ದಾರೆ. ಹಳೆಯ ಬ್ರಿಡ್ಜ್ ಮೇಲೆ ಅದರ ಶ್ರುತಿ ಕೂಡಿಸುವ ಪರದಾಟ ನನಗೆ ಬೇಡವೆನಿಸಿತು. ಆದರೆ 95 ಹಾಕಿದರೂ ಇದು 17 ಕಿಲೋದ ಬಾಸ್ ತಂತಿಯಾಗುವುದಿಲ್ಲ. ಬೆರಳಿಂದ ಎಳೆದು ಎಳೆದು ಮೀಟುವ ಕೈ ಇಲ್ಲಿ ಹಗುರಾಗಲೇಬೇಕು, ಬ್ರಿಡ್ಜ್ ಕಡೆಗೆ ಸರಿಯಬೇಕು.

ಫ್ಲಾಟೋ ರೌಂಡೋ ಎಂಬುದಕ್ಕೆ ನನ್ನ ಉತ್ತರ ಹಳೆಯ ವಾದ್ಯಕ್ಕೆ ಫ್ಲಾಟ್. ಹಳೆಯ ಫ್ರೆಟ್ ಸವೆಯುವುದು ಕಡಿಮೆ, ಇಕ್ಕಟ್ಟಾದ ತಂತಿಗಳ ಮೇಲೆ ಬೆರಳು ಉಜ್ಜುವ ಸದ್ದೂ ಇಲ್ಲ.

ನಮ್ಮ ಕಡೆ ಅಂಗಡಿಗಳಲ್ಲಿ ನಾಲ್ಕು ತಂತಿಯ ಲಾಂಗ್ ಸ್ಕೇಲ್ ಸೆಟ್ ಬೇಕಾದಷ್ಟು ಸಿಗುತ್ತದೆ, ಬಾಸ್ ಸಿಕ್ಸ್ ಸೆಟ್ ಸಿಗುವುದು ಕಷ್ಟ. ತುರ್ತಿಗೆ ಬಾಸ್ ಸೆಟ್‌ನ ಒಂದು ತಂತಿಯನ್ನು ದಪ್ಪ ಇ ಮಾಡಿಕೊಳ್ಳಬಹುದೇ? ಮಾಡಿಕೊಳ್ಳಬಹುದು, ಮೂರು ವಿಷಯ ನೋಡಿಕೊಂಡರೆ. ಬಾಸ್ ತಂತಿಯ ಬಾಲ್ ಗಿಟಾರ್‌ನದಕ್ಕಿಂತ ದೊಡ್ಡದು, ಟೇಲ್‌ಪೀಸ್‌ನ ಕಂಡಿಯಲ್ಲಿ ಕೂರಬೇಕು. ಕೂರದಿದ್ದರೆ ಕಂಡಿ ಅಗಲಿಸಬೇಡಿ, ಬೇರೆ ತಂತಿ ಹುಡುಕಿ. ತಂತಿಯ ತುದಿ ಬಿರಡೆಯ ತೂತಿಗೆ ಹೋಗಬೇಕು. ಉದ್ದ ಹೆಚ್ಚಾಗಿ ದಪ್ಪ ಸುತ್ತೇ ಬಿರಡೆಗೆ ಸುತ್ತಿಕೊಳ್ಳುವಂತಿದ್ದರೆ ತಂತಿ ಅಲ್ಲೇ ಒಡೆಯುವ ಭಯವಿದೆ. ಬ್ಯಾರಿಟೋನ್ ಸೆಟ್ ಮಾತ್ರ ಈ ಶ್ರುತಿಗೆ ಬೇಡವೇ ಬೇಡ.

ಕಟ್ಟುವಾಗ

ನಾನು ಒಂದು ಸಲ ಕಳೆದುಕೊಂಡದ್ದು ಇಲ್ಲಿ. ದೂರದಿಂದ ತರಿಸಿದ ಫ್ಲಾಟ್‌ವೌಂಡ್ ತಂತಿ, ಉದ್ದ ಹೆಚ್ಚಾಯಿತೆಂದು ನೆಟ್ಟಗಿದ್ದ ಹಾಗೆಯೇ ತುದಿ ಕತ್ತರಿಸಿದೆ. ಕತ್ತರಿಸಿದ ಬಾಯಿಂದ ಹೊರಸುತ್ತಿನ ಪಟ್ಟಿ ಬಿಡಿಸಿಕೊಂಡು ಒಂದು ಸುತ್ತು ಜಾರಿದ್ದು ಕಣ್ಣಾರೆ ಕಂಡೆ. ಕಟ್ಟಿ ಮೀಟಿದರೆ ಮರದ ಹಲಗೆ ಬಡಿದಂಥ ಸದ್ದು. ಹೊರಸುತ್ತು ಒಳಗಿನ ಎಳೆಯ ಹಿಡಿತ ಬಿಟ್ಟಿತ್ತು, ಅದು ಮತ್ತೆ ಕೂಡಲಿಲ್ಲ. ಎಲ್ಲಿ ಕತ್ತರಿಸಬೇಕೋ ಅದಕ್ಕೆ ಎರಡು ಸೆಂಟಿಮೀಟರ್ ಈಚೆಗೆ ಇಕ್ಕಳದಿಂದ ತಂತಿಯನ್ನು ಲಂಬಕೋನಕ್ಕೆ ಬಗ್ಗಿಸಿ, ಆ ಬಾಗು ಗಟ್ಟಿಯಾದ ಮೇಲೆ ಅದರಾಚೆ ಕತ್ತರಿಸಬೇಕು. ಬಾಗು ಹೊರಸುತ್ತನ್ನು ಬೀಗ ಹಾಕಿದಂತೆ ಹಿಡಿಯುತ್ತದೆ.

ಆರೂ ತಂತಿ ಒಟ್ಟಿಗೆ ಬಿಚ್ಚಬೇಡಿ, ತೇಲುವ ಬ್ರಿಡ್ಜ್ ಕಳಚಿ ಬರುತ್ತದೆ. ಒಂದು ಬಿಚ್ಚಿ ಒಂದು ಕಟ್ಟಿ. ಬಿಗಿಯಾದ ಸೆಟ್ ಹಾಕಿದಾಗ ಟ್ರೆಮೊಲೊ ಮುಂದಕ್ಕೆ ಎಳೆದುಕೊಳ್ಳುತ್ತದೆ, ಅದರ ಸ್ಪ್ರಿಂಗ್ ಸ್ಕ್ರೂವನ್ನು ಅಷ್ಟಷ್ಟೇ ಬಿಗಿ ಮಾಡುತ್ತ ಮತ್ತೆ ಶ್ರುತಿ ಮಾಡುತ್ತ ಹೋಗಬೇಕು. ಸ್ಯಾಡಲ್ ಮುಟ್ಟುವುದು ಮರುದಿನ, ತಂತಿ ಹಿಗ್ಗಿ ನಿಂತ ಮೇಲೆ.

ಆ ಹುಡುಗನ ವಾದ್ಯಕ್ಕೆ 95ರ ಫ್ಲಾಟ್ ಸೆಟ್ ತರಿಸಿದೆವು. ಬರಲು ಮೂರು ವಾರ ಹಿಡಿಯಿತು. ಹೊಸ ಮೂಳೆಯ ನಟ್, ದಪ್ಪ ಇ ಸ್ಯಾಡಲ್‌ಗೆ ಗಿಡ್ಡ ಸ್ಪ್ರಿಂಗ್, ಟ್ರೆಮೊಲೊ ಸ್ಕ್ರೂ ಎರಡೂವರೆ ಸುತ್ತು. ಪಿಕಪ್‌ಗೆ ಕೈ ಹಚ್ಚಲಿಲ್ಲ, ದಪ್ಪ ತಂತಿಯ ಕಡೆ ಅರ್ಧ ಸುತ್ತು ಇಳಿಸಿದ್ದಷ್ಟೇ. ಟ್ರಸ್ ರಾಡ್ ಹಾಗೇ ಇದೆ. 12ನೇ ಫ್ರೆಟ್‌ನಲ್ಲಿ ದಪ್ಪ ಇ ಇನ್ನೂ 4 ಸೆಂಟ್ (ನೂರು ಸೆಂಟ್ ಅಂದರೆ ಒಂದು ಅರ್ಧಸ್ವರ) ಮೇಲೆ ನಿಲ್ಲುತ್ತದೆ, ಸ್ಯಾಡಲ್‌ಗೆ ಹಿಂದೆ ಜಾಗವಿಲ್ಲ. ಅವನು ಆ ತಂತಿಯಲ್ಲಿ ಏಳನೇ ಫ್ರೆಟ್ ದಾಟುವುದೇ ಅಪರೂಪ, ಹಾಗಾಗಿ ಅಲ್ಲಿಗೆ ಬಿಟ್ಟೆವು. ಬಾಲ್‌ನಿಂದ ನಟ್‌ವರೆಗಿನ ಅಳತೆ, ಆರು ತಂತಿಯ ದಪ್ಪ, ಕಟ್ಟಿದ ತಾರೀಖು ಮೂರನ್ನೂ ಒಂದು ಚೀಟಿಯಲ್ಲಿ ಬರೆದು, ಮೂಲ ನಟ್‌ ಇದ್ದ ಪೊಟ್ಟಣಕ್ಕೇ ಸೇರಿಸಿ ಕೇಸಿನಲ್ಲಿಟ್ಟು ಕಳಿಸಿದೆ.